ಲೇಸರ್ ಮಾಡಿಸಿದ ಕಣ್ಣಿಗೆ ಪೆಟ್ಟು ಬಿದ್ದಾಗ: ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಗೆ,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ;
ರಾಜ್ಯದಲ್ಲಿ ಲೇಸರ್ ದೃಷ್ಟಿ ಚಿಕಿತ್ಸಾ ಕೇಂದ್ರಗಳನ್ನು ನಡೆಸುವವರು;
ತುರ್ತು ವಿಭಾಗಗಳಲ್ಲಿ ಪಾಳಿ ಮಾಡುವ ವೈದ್ಯರು ಮತ್ತು ನರ್ಸ್‌ಗಳು

ಮಾನ್ಯರೇ,

ಕಣ್ಣಿಗೆ ಪೆಟ್ಟು ಬಿದ್ದು ಬಂದವರನ್ನು ಕ್ಯಾಶುವಾಲ್ಟಿಯಲ್ಲಿ ಕೇಳುವ ಪ್ರಶ್ನೆಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಏನು ಬಡಿಯಿತು, ಎಷ್ಟು ಹೊತ್ತಾಯಿತು, ಶುಗರ್ ಇದೆಯೇ, ಟಿಟಿ ಚುಚ್ಚುಮದ್ದು ಯಾವಾಗ ಆಗಿತ್ತು. ಈ ಸಾಲಿಗೆ ಇನ್ನೊಂದು ಪ್ರಶ್ನೆ ಸೇರಬೇಕು: ‘ಕನ್ನಡಕ ಬಿಡೋಕೆ ಕಣ್ಣಿಗೆ ಲೇಸರ್ ಮಾಡಿಸಿದ್ದೀರಾ?’ ನಾವು ಕೇಳದಿದ್ದರೆ ಗಾಯಾಳು ತಾನಾಗಿ ಹೇಳುವುದಿಲ್ಲ. ಹತ್ತು ವರ್ಷದ ಹಿಂದೆ ಅರ್ಧ ಗಂಟೆಯೊಳಗೆ ಮುಗಿದು ಮರೆತೇ ಹೋದ ಆಪರೇಷನ್ನಿಗೂ ಇವತ್ತು ತೆಂಗಿನ ಗರಿ ಕಣ್ಣಿಗೆ ಹೊಡೆದದ್ದಕ್ಕೂ ನಂಟಿದೆ ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ನಂಟು ಇದೆ: ಲೇಸಿಕ್ ಎಂಬ ಲೇಸರ್ ಆಪರೇಷನ್ನಿನಲ್ಲಿ ಕತ್ತರಿಸಿ ಮತ್ತೆ ಕೂರಿಸಿದ ಕಣ್ಣಿನ ಮುಂಪದರ ಪೆಟ್ಟಿಗೆ ಜಾರಿಬಿಡಬಹುದು. ಅದನ್ನು ಮೊದಲ ದಿನವೇ ಕಂಡುಕೊಂಡರೆ ಬಹಳಷ್ಟು ಕಣ್ಣುಗಳು ಹಿಂದಿನ ದೃಷ್ಟಿಗೆ ಮರಳುತ್ತವೆ. ವಾರ ಕಳೆದ ಮೇಲೆ ಕಂಡರೆ ಮಡಿಕೆ, ಮಚ್ಚೆ, ಒಳಗೆ ಬೆಳೆದ ಪೊರೆ ಇವುಗಳ ಜೊತೆ ಹೆಣಗಾಡಬೇಕಾಗುತ್ತದೆ.

ಕಣ್ಣಿನ ಚಿಕಿತ್ಸೆ ಮತ್ತು ದೃಷ್ಟಿ ಪರೀಕ್ಷೆಯ ಕೆಲಸದಲ್ಲಿರುವವರು ಕೂಡಿ ಇದನ್ನು ಬರೆಯುತ್ತಿದ್ದೇವೆ. ಲೇಸಿಕ್ ಮಾಡಿಸಿಕೊಂಡವರನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಬಹುಪಾಲು ಜನ ಆ ಕಣ್ಣಿನಲ್ಲೇ ನೆಮ್ಮದಿಯಾಗಿ ಬದುಕುತ್ತಾರೆ, ಪೆಟ್ಟು ಬಿದ್ದು ಪದರ ಜಾರುವುದು ಅಪರೂಪ. ಅಪರೂಪವಾದದ್ದರಿಂದಲೇ ಅದು ಮೊದಲ ನೋಟಕ್ಕೆ ತಪ್ಪಿಹೋಗುತ್ತದೆ.

ಪದರ ಎಂದರೆ ಯಾವುದು ಎಂಬುದನ್ನು ಮೊದಲು ಹೇಳಬೇಕು. ಕರಿಗುಡ್ಡೆಯ ಮುಂದಿರುವ ಗಾಜಿನಂಥ ಹೊದಿಕೆ ಕಾರ್ನಿಯಾ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು, ನಮ್ಮ ಜನರಲ್ಲಿ ಸಾಮಾನ್ಯವಾಗಿ 520ರಿಂದ 540 ಮೈಕ್ರಾನ್. ಇದು ಪದರ ಪದರವಾಗಿ ಕಟ್ಟಿಕೊಂಡ ವಸ್ತು ಎಂಬುದು ಕನ್ನಡಿಗರಿಗೆ 2021ರಲ್ಲೇ ಗೊತ್ತಾಗಿದೆ. ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ನಾಲ್ವರಿಗೆ ಕಸಿ ಮಾಡಿದ್ದನ್ನು ನಾವೆಲ್ಲ ಓದಿದ್ದೇವೆ. ಲೇಸಿಕ್‌ನಲ್ಲೂ ಈ ಪದರ ಬಿಡಿಸುವ ಗುಣವನ್ನೇ ಬಳಸುತ್ತಾರೆ. ಮೈಕ್ರೊಕೆರಟೋಮ್ ಎಂಬ ಅಲಗಿನಿಂದಲೋ ಫೆಮ್ಟೊಸೆಕೆಂಡ್ ಲೇಸರಿನಿಂದಲೋ ಮೇಲಿನ 100ರಿಂದ 180 ಮೈಕ್ರಾನ್ ದಪ್ಪದ, 8ರಿಂದ 9.5 ಮಿಲಿಮೀಟರ್ ಅಗಲದ ಒಂದು ಮುಚ್ಚಳ ಕತ್ತರಿಸುತ್ತಾರೆ. ಪೂರ್ತಿ ಕತ್ತರಿಸದೆ ಮೂಗಿನ ಕಡೆಗೋ ಮೇಲಕ್ಕೋ ಒಂದು ಕೀಲು ಉಳಿಸುತ್ತಾರೆ. ಪುಸ್ತಕದ ಹಾಳೆ ತಿರುವಿದಂತೆ ಅದನ್ನು ಮಗುಚಿ, ಕೆಳಗಿನ ಭಾಗವನ್ನು 193 ನ್ಯಾನೊಮೀಟರಿನ ಎಕ್ಸೈಮರ್ ಲೇಸರಿನಿಂದ ಬೇಕಾದಷ್ಟು ಸವೆಸಿ, ಮುಚ್ಚಳವನ್ನು ಮತ್ತೆ ಕೂರಿಸುತ್ತಾರೆ. ಹೊಲಿಗೆ ಇಲ್ಲ, ಅಂಟಿಲ್ಲ. ಕಾರ್ನಿಯಾದ ಒಳಮೈಯ ಜೀವಕೋಶಗಳು ನೀರನ್ನು ಹೊರಕ್ಕೆ ಹೀರುತ್ತಲೇ ಇರುತ್ತವೆ, ಆ ಸೆಳೆತಕ್ಕೆ ಮುಚ್ಚಳ ಕಚ್ಚಿಕೊಳ್ಳುತ್ತದೆ. ಒಂದು ದಿನದೊಳಗೆ ಅಂಚಿನ ಮೇಲೆ ಎಪಿಥೀಲಿಯಂ, ಅಂದರೆ ಕಾರ್ನಿಯಾದ ಮೇಲುಪೊರೆ, ಬೆಳೆದು ಸಂದು ಮುಚ್ಚುತ್ತದೆ. ಇದೇ ಮುಚ್ಚಳಕ್ಕೆ ಫ್ಲ್ಯಾಪ್ ಎನ್ನುವುದು.

ಮುಚ್ಚಿಕೊಂಡಿತು ಎಂದರೆ ಬೆಸೆದುಕೊಂಡಿತು ಎಂದಲ್ಲ. ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲೇ. ದಾನವಾಗಿ ಬಂದ ಲೇಸಿಕ್ ಕಣ್ಣುಗಳ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಗಾಯದ ಬಿಗಿಯನ್ನು ಎಳೆದು ಅಳೆದರು. ಅಂಚಿನಲ್ಲಿ ಸಹಜ ಕಾರ್ನಿಯಾದ ಬಲದ ಶೇ 28ರಷ್ಟು ಸಿಕ್ಕಿತು. ನಡುಭಾಗದಲ್ಲಿ ಸಿಕ್ಕಿದ್ದು ಶೇ 2.4 ಮಾತ್ರ. ಮೂರೂವರೆ ವರ್ಷದ ಹೊತ್ತಿಗೆ ಏರುವಷ್ಟು ಏರಿ, ಮುಂದೆ ಬಲ ಹೆಚ್ಚಲಿಲ್ಲ. ಕನ್ನಡಕದ ನಂಬರ್ ಸ್ವಲ್ಪ ಮರಳಿ ಬಂದವರಿಗೆ ವರ್ಷಗಳ ನಂತರ ಅದೇ ಫ್ಲ್ಯಾಪನ್ನು ಎತ್ತಿ ಮತ್ತೆ ಲೇಸರ್ ಮಾಡಲು ಸಾಧ್ಯವಾಗುವುದು ಈ ಕಾರಣಕ್ಕೇ. ಶಸ್ತ್ರವೈದ್ಯರ ಚಿಮಟಕ್ಕೆ ಸುಲಭವಾಗಿ ಎದ್ದು ಬರುವ ಪದರ ಉಗುರಿಗೂ ಎದ್ದು ಬರಬಹುದು. ಆಪರೇಷನ್ ಆಗಿ ಹತ್ತು ವರ್ಷ ಮೀರಿದ ಮೇಲೂ ಪೆಟ್ಟಿಗೆ ಫ್ಲ್ಯಾಪ್ ಜಾರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ‘ಒಂದು ತಿಂಗಳು ಜೋಪಾನವಾಗಿರಿ’ ಎಂಬ ಸಲಹೆ ತಪ್ಪಲ್ಲ, ಆದರೆ ಅದು ಅರ್ಧ ಮಾತು. ಮಿಕ್ಕರ್ಧವನ್ನು ರೋಗಿಗೆ ಹೇಳಿ ಕಳಿಸುವವರು ಕಡಿಮೆ.

ಯಾವ ಪೆಟ್ಟು ಅಪಾಯದ್ದು? ನೇರವಾಗಿ ಗುದ್ದುವುದಕ್ಕಿಂತ ಓರೆಯಾಗಿ ಕೆರೆದುಕೊಂಡು ಹೋಗುವುದು ಫ್ಲ್ಯಾಪಿಗೆ ಹೆಚ್ಚು ಕೆಟ್ಟದ್ದು. ಕಂಕುಳಲ್ಲಿ ಎತ್ತಿಕೊಂಡ ಕೂಸಿನ ಉಗುರು, ನಾಯಿಯ ಪಂಜ, ಆಟದಲ್ಲಿ ಎದುರಾಳಿಯ ಬೆರಳು, ಮರದ ಕೊಂಬೆ, ಕಾರಿನ ಏರ್‌ಬ್ಯಾಗ್ ಇವೆಲ್ಲ ಜಗತ್ತಿನಾದ್ಯಂತ ವರದಿಯಾದ ಕಾರಣಗಳು. ನಮ್ಮಲ್ಲಿ ಇವುಗಳ ಜೊತೆಗೆ ಕಬ್ಬಿನ ರವದಿ, ಅಡಿಕೆ ಸೋಗೆ, ಕಬಡ್ಡಿ ಅಂಕಣ, ಹೆಲ್ಮೆಟ್ಟಿನ ಗಾಜು ಏರಿಸಿಕೊಂಡು ಓಡಿಸುವ ಬೈಕು, ಕಾರು ತೊಳೆಯುವ ಪ್ರೆಷರ್ ಪಂಪು ಸೇರುತ್ತವೆ. ಇನ್ನೊಂದು ವಿಷಯ ಇದೆ. ಫ್ಲ್ಯಾಪ್ ಕತ್ತರಿಸುವಾಗ ಕಾರ್ನಿಯಾದ ನರಗಳೂ ಕತ್ತರಿಸಿ ಹೋಗುತ್ತವೆ, ಅವು ಚೇತರಿಸಿಕೊಳ್ಳಲು ಆರು ತಿಂಗಳಿಂದ ವರ್ಷ ಬೇಕು. ಆ ಅವಧಿಯಲ್ಲಿ ಕಣ್ಣಿಗೆ ಏನಾದರೂ ತಾಗಿದರೂ ಬೇರೆಯವರಷ್ಟು ನೋವಾಗುವುದಿಲ್ಲ. ನೋವು ಕಡಿಮೆ ಎಂದು ಮನೆಯಲ್ಲೇ ಉಳಿದುಬಿಡುವುದು ಹೀಗೆ.

ಜಾರಿದ ಫ್ಲ್ಯಾಪ್ ಹೊರಗಿನಿಂದ ಹೇಗೆ ಕಾಣುತ್ತದೆ ಎಂಬುದನ್ನು ತುರ್ತು ವಿಭಾಗದವರು ದಯವಿಟ್ಟು ಗಮನವಿಟ್ಟು ಓದಬೇಕು. ರೋಗಿ ಹೇಳುವುದು: ಪೆಟ್ಟಾದ ಕ್ಷಣದಿಂದ ಮಂಜು, ಒಂದು ದೀಪ ಎರಡಾಗಿ ಮೂರಾಗಿ ಕಾಣುವುದು, ಧಾರಾಕಾರ ನೀರು, ಬೆಳಕು ನೋಡಲಾಗದು, ರೆಪ್ಪೆ ಮುಚ್ಚಿದಾಗ ಏನೋ ಒತ್ತಿದಂತೆ. ಟಾರ್ಚ್ ಹಿಡಿದು ನೋಡಿದರೆ ಕೆಲವೊಮ್ಮೆ ಏನೂ ಕಾಣುವುದಿಲ್ಲ. ಕೆಲವೊಮ್ಮೆ ಕರಿಗುಡ್ಡೆಯ ಮೇಲೆ ಬಿಳಿ ಲೋಳೆಯಂಥ, ಒದ್ದೆ ಪ್ಲಾಸ್ಟಿಕ್ ಹಾಳೆಯಂಥ ಏನೋ ಮಡಚಿಕೊಂಡು ನೇತಾಡುತ್ತಿರುತ್ತದೆ. ಅದನ್ನು ಲೋಳೆಯೆಂದೋ ಕಸವೆಂದೋ ಜಾರಿದ ಕಾಂಟ್ಯಾಕ್ಟ್ ಲೆನ್ಸ್ ಎಂದೋ ತಿಳಿದು ಹತ್ತಿಯಿಂದ ಒರೆಸಿದರೆ, ಚಿಮಟದಿಂದ ಎಳೆದರೆ, ಕಿತ್ತು ಬರುವುದು ರೋಗಿಯ ಕಾರ್ನಿಯಾದ ಮುಂಭಾಗ. ಈ ಪತ್ರದಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕಾರ್ನಿಯಾಕ್ಕೆ ಅಂಟಿಕೊಂಡ ಯಾವ ಪೊರೆಯನ್ನೂ, ಲೇಸರ್ ಆಗಿದೆಯೇ ಎಂದು ಕೇಳದೆ, ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡದೆ, ಎಳೆಯಬೇಡಿ.

ಫ್ಲೋರೆಸೀನ್ ಕಾಗದದ ಬಣ್ಣ ತಾಗಿಸಿ ನೀಲಿ ಬೆಳಕಿನಲ್ಲಿ ನೋಡಿದರೆ ಹಸಿರು ಬಣ್ಣ ಕಮಾನಿನಂತೆ, ಕಾರ್ನಿಯಾದ ಅಂಚಿಗೆ ಸಮಾನಾಂತರವಾಗಿ ನಿಲ್ಲುತ್ತದೆ. ಬರಿಯ ತರಚು ಗಾಯದ ಅಂಚು ಅಡ್ಡಾದಿಡ್ಡಿ ಇರುತ್ತದೆ; ಅಳೆದು ಗೀಚಿದಂಥ ಕಮಾನು ಕಂಡರೆ ಫ್ಲ್ಯಾಪ್ ಎಂದೇ ಅನುಮಾನಿಸಿ. ನಡುವೆ ಸಮಾನಾಂತರ ಗೆರೆಗಳಲ್ಲಿ ಬಣ್ಣ ನಿಲ್ಲದೆ ಕಪ್ಪಾಗಿ ಉಳಿದರೆ ಅವು ಮಡಿಕೆಗಳು. ಇದನ್ನೆಲ್ಲ ನೋಡುವ ಮುಂಚೆ ಎರಡೂ ಕಣ್ಣಿನ ದೃಷ್ಟಿ ಎಷ್ಟು ಎಂದು ಬರೆದಿಡಬೇಕು. ಚಾರ್ಟ್ ಇಲ್ಲದಿದ್ದರೆ ಬೆರಳು ಎಣಿಸಿಯಾದರೂ ಸರಿ. ಪಾಪೆ ದುಂಡಗಿದೆಯೇ, ಕಾರ್ನಿಯಾದ ಹಿಂದೆ ರಕ್ತ ನಿಂತಿದೆಯೇ, ಬಣ್ಣವನ್ನು ತೊಳೆದುಕೊಂಡು ಒಳಗಿನ ನೀರು ಸೋರುತ್ತಿದೆಯೇ ಎಂದೂ ನೋಡಲೇಬೇಕು. ಪಾಪೆ ಹನಿಯಾಕಾರಕ್ಕೆ ಎಳೆದುಕೊಂಡಿದ್ದರೆ, ನೀರು ಸೋರುತ್ತಿದ್ದರೆ ಗುಡ್ಡೆಯೇ ಒಡೆದಿದೆ ಎಂದರ್ಥ. ಆಗ ಫ್ಲ್ಯಾಪಿನ ಮಾತು ಆಮೇಲೆ. ಮುಟ್ಟದೆ, ತೊಳೆಯದೆ, ಮದ್ದು ಹಾಕದೆ, ಗಟ್ಟಿ ಕವಚ ಕಟ್ಟಿ, ಅರಿವಳಿಕೆ ಬೇಕಾಗಬಹುದಾದ್ದರಿಂದ ಬಾಯಿಗೆ ಏನೂ ಕೊಡದೆ ಕಳಿಸಬೇಕು.

ಇನ್ನು ಮನೆಯಲ್ಲಿ, ಹೊಲದಲ್ಲಿ, ರಸ್ತೆಯಲ್ಲಿ ಪೆಟ್ಟಾದ ಕೂಡಲೇ ಏನು ಮಾಡಬೇಕು ಎಂಬುದು. ಕಣ್ಣಿಗೆ ಕಸ ಬಿದ್ದರೆ ಸೆರಗಿನ ತುದಿ ಸುರುಳಿ ಮಾಡಿ ತೆಗೆಯುವುದು, ಬಾಯಿಂದ ಊದುವುದು, ಎದೆಹಾಲು ಬಿಡುವುದು, ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ ಹಾಕುವುದು, ಇವೆಲ್ಲ ಪ್ರೀತಿಯಿಂದಲೇ ನಡೆಯುತ್ತವೆ. ಲೇಸಿಕ್ ಆದ ಕಣ್ಣಿನಲ್ಲಿ ಇವು ಎದ್ದಿರುವ ಅಂಚಿನಡಿ ಸೋಂಕನ್ನು ತುಂಬಿಬಿಡುತ್ತವೆ. ಉಜ್ಜಬಾರದು. ಬಿಗಿಯಾಗಿ ಪಟ್ಟಿ ಕಟ್ಟಬಾರದು. ರೆಪ್ಪೆಯ ಮೇಲೆ ಹತ್ತಿ ಒತ್ತಿದರೆ ಸ್ವಲ್ಪ ಜಾರಿದ್ದು ಪೂರ್ತಿ ಜಾರುತ್ತದೆ. ಕಾಗದದ ಲೋಟದ ತಳಭಾಗವನ್ನು ಎರಡು ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಅಂಚು ಹುಬ್ಬಿನ ಮೂಳೆಯ ಮೇಲೂ ಕೆನ್ನೆಯ ಮೂಳೆಯ ಮೇಲೂ ಕೂರುವಂತೆ ಬೋರಲು ಇಟ್ಟು, ಪ್ಲಾಸ್ಟರ್ ಅಂಟಿಸಿದರೆ ಸಾಕು. ಕಣ್ಣಿಗೆ ಏನೂ ತಾಗಬಾರದು ಎನ್ನುವುದಷ್ಟೇ ಉದ್ದೇಶ. ಮೆಡಿಕಲ್ ಶಾಪಿನಲ್ಲಿ ಕೇಳಿ ಯಾವ ಹನಿಯನ್ನೂ ಬಿಟ್ಟುಕೊಳ್ಳಬೇಡಿ.

ಇದಕ್ಕೆ ಒಂದು ಅಪವಾದವಿದೆ. ಸುಣ್ಣ, ಆಸಿಡ್, ಬ್ಯಾಟರಿ ನೀರು, ಕೀಟನಾಶಕ ಕಣ್ಣಿಗೆ ಬಿದ್ದರೆ ಲೇಸರ್ ಆಗಿದೆಯೋ ಇಲ್ಲವೋ ಎಂದು ಯೋಚಿಸುತ್ತ ನಿಲ್ಲಬಾರದು. ತಕ್ಷಣ ತೊಳೆಯಬೇಕು. ಎಲೆ ಅಡಿಕೆಗೆ, ತಂಬಾಕಿಗೆ ಮಾರುವ ಸುಣ್ಣದ ಪೊಟ್ಟಣ, ಡಬ್ಬಿ ಒತ್ತಿದಾಗ ಸಿಡಿದು ಕಣ್ಣಿಗೆ ಹಾರುವುದು ನಮ್ಮ ನಾಡಿನ ದೊಡ್ಡ ಶಾಪ. ಸುಣ್ಣ ಕಾರ್ನಿಯಾವನ್ನು ನಿಮಿಷಗಳಲ್ಲಿ ಸುಡುತ್ತದೆ, ಒಳಕ್ಕೂ ಇಳಿಯುತ್ತದೆ. ಕುಡಿಯುವ ನೀರನ್ನು ಚೊಂಬಿನಿಂದ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವಂತೆ ಸಣ್ಣ ಧಾರೆಯಲ್ಲಿ ಬಿಡಿ, ರೆಪ್ಪೆ ಅಗಲಿಸಿ ಹಿಡಿಯಿರಿ, ಕನಿಷ್ಠ ಅರ್ಧ ಗಂಟೆ. ನಲ್ಲಿಯ ರಭಸದ ಧಾರೆಗೆ ಕಣ್ಣೊಡ್ಡಬೇಡಿ. ಆಸ್ಪತ್ರೆಯಲ್ಲಿ ಲಿಟ್ಮಸ್ ಅಥವಾ ಪಿಎಚ್ ಕಾಗದ ತಾಗಿಸಿ ನೋಡಿ, ಸಹಜ ಸ್ಥಿತಿಗೆ ಬರುವವರೆಗೆ ಸಲೈನ್ ಹರಿಸಬೇಕು, ರೆಪ್ಪೆ ಮಗುಚಿ ಸುಣ್ಣದ ಕಣ ಉಳಿದಿದೆಯೇ ನೋಡಬೇಕು. ಫ್ಲ್ಯಾಪ್ ಜಾರಿದರೆ ಆಮೇಲೆ ಕೂರಿಸಬಹುದು. ಸುಟ್ಟ ಕಾರ್ನಿಯಾವನ್ನು ಮರಳಿಸುವುದು ಬಹು ಕಷ್ಟ.

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಬಳಿಯ ಆಸ್ಪತ್ರೆಗಳಿಗೆ ಇನ್ನೊಂದು ಮಾತು. ಗ್ರೈಂಡಿಂಗ್ ಮಾಡುವಾಗ ಸಿಡಿದ ಕಬ್ಬಿಣದ ಚೂರನ್ನು ಸೂಜಿಯ ತುದಿಯಿಂದ ತೆಗೆಯುವುದು ಅಲ್ಲಿ ನಿತ್ಯದ ಕೆಲಸ. ಲೇಸಿಕ್ ಆದವರಲ್ಲಿ ಆ ಚೂರು ಫ್ಲ್ಯಾಪಿನ ಅಂಚಿನ ಮೇಲಿದ್ದರೆ ಸೂಜಿ ಅಂಚನ್ನೇ ಎಬ್ಬಿಸಿಬಿಡಬಹುದು, ತುಕ್ಕಿನ ಉಂಗುರ ಕೆರೆಯುವ ‘ಬರ್’ ಎಂಬ ತಿರುಗುವ ಉಪಕರಣ ಪದರವನ್ನೇ ಸುತ್ತಿಕೊಳ್ಳಬಹುದು. ಅಂಥದ್ದನ್ನು ಕಾರ್ನಿಯಾ ತಜ್ಞರಿಗೆ ಬಿಡಿ. ನೋವು ನಿಲ್ಲಿಸುವ ಮರಗಟ್ಟಿಸುವ ಹನಿಯನ್ನು ಪರೀಕ್ಷೆಗೆ ಮಾತ್ರ ಬಳಸಿ, ಮನೆಗೆ ಕೊಟ್ಟು ಕಳಿಸಬೇಡಿ. ಪದೇ ಪದೇ ಹಾಕಿಕೊಂಡರೆ ಕಾರ್ನಿಯಾ ಕರಗುತ್ತದೆ.

ಫ್ಲ್ಯಾಪ್ ಜಾರಿದ್ದು ಖಚಿತವಾದರೆ ಅದೇ ದಿನ, ತಪ್ಪಿದರೆ 24 ಗಂಟೆಯೊಳಗೆ ಕೂರಿಸಬೇಕು. ಯಾಕಿಷ್ಟು ಅವಸರ? ಎರಡು ಕಾರಣ. ಮಡಿಕೆ ಬಿದ್ದ ಹಾಳೆ ಬಿದ್ದಂತೆಯೇ ಇದ್ದರೆ ಆ ಗೆರೆ ಸ್ಥಿರವಾಗುತ್ತದೆ, ಮಡಿಕೆಯ ಹಳ್ಳಗಳನ್ನು ಎಪಿಥೀಲಿಯಂ ತುಂಬಿಕೊಂಡು ಇನ್ನಷ್ಟು ಗಟ್ಟಿ ಮಾಡುತ್ತದೆ. ಎರಡನೆಯದು, ಬಯಲಾದ ತಳದ ಮೇಲೆ ಎಪಿಥೀಲಿಯಂ ಗಂಟೆಗಳಲ್ಲೇ ಹಬ್ಬತೊಡಗುತ್ತದೆ. ಅದರ ಮೇಲೆ ಫ್ಲ್ಯಾಪ್ ಮುಚ್ಚಿದರೆ ಬೀಜದ ಮೇಲೆ ಮಣ್ಣು ಮುಚ್ಚಿದಂತೆ, ಒಳಗೇ ಬೆಳೆಯುತ್ತದೆ.

ಕೂರಿಸುವ ಕೆಲಸ ಆಪರೇಷನ್ ಥಿಯೇಟರಿನ ಸೂಕ್ಷ್ಮದರ್ಶಕದ ಕೆಳಗೆ, ಬರಿಯ ಹನಿ ಅರಿವಳಿಕೆಯಲ್ಲಿ ನಡೆಯುತ್ತದೆ. ಮೊದಲು ಕೀಲು ಯಾವ ಕಡೆ ಇದೆ ಎಂದು ಗುರುತಿಸಿ, ಫ್ಲ್ಯಾಪನ್ನು ಪೂರ್ತಿ ಆ ಕಡೆಗೆ ಮಗುಚಬೇಕು. ಜಾರಿದಲ್ಲೇ ತಳ್ಳಿ ಸರಿಪಡಿಸಲು ಹೋಗುವುದೇ ಸಾಮಾನ್ಯ ತಪ್ಪು. ಮಗುಚಿದ ಮೇಲೆ ತಳವನ್ನೂ ಫ್ಲ್ಯಾಪಿನ ಒಳಮೈಯನ್ನೂ, ಎರಡನ್ನೂ, ಮೊಂಡು ಸ್ಪ್ಯಾಚುಲಾದಿಂದ ಮತ್ತು ಸ್ಪಾಂಜಿನಿಂದ ಕೆರೆದು ಎಪಿಥೀಲಿಯಂ, ಮಣ್ಣು, ಎಲೆಯ ನಾರು ಏನಿದ್ದರೂ ತೆಗೆಯಬೇಕು. ಸಾಗುವಳಿಯ ಗಾಯವಾದರೆ ಕೆರೆದದ್ದನ್ನು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಬೇಕು. ಬಿಎಸ್‌ಎಸ್ ಎಂಬ ಸಮತೋಲಿತ ಲವಣ ದ್ರಾವಣದಿಂದ ಚೆನ್ನಾಗಿ ತೊಳೆದು, ಫ್ಲ್ಯಾಪ್ ಇಳಿಸಿ, ಒದ್ದೆ ಸ್ಪಾಂಜಿನಿಂದ ಕೀಲಿನ ಕಡೆಯಿಂದ ಅಂಚಿನ ಕಡೆಗೆ ನವಿರಾಗಿ ಸವರಬೇಕು. ಅಂಚಿನ ಸುತ್ತಲಿನ ಸಂದು ಎಲ್ಲ ಕಡೆ ಒಂದೇ ಅಗಲ ಇದೆಯೇ ಎನ್ನುವುದೇ ಸರಿಯಾಗಿ ಕೂತದ್ದಕ್ಕೆ ಸಾಕ್ಷಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಇಲ್ಲವೇ ಇಲ್ಲ ಎಂದರೆ ಇನ್ನೂ ಜಾರಿಯೇ ಇದೆ. ಹಳೆಯ ಮಡಿಕೆಯಾದರೆ ಅದರ ಮೇಲಿನ ಎಪಿಥೀಲಿಯಂ ತೆಗೆದು, ತೆಳು ಸಲೈನಿನಿಂದ ಫ್ಲ್ಯಾಪನ್ನು ತುಸು ಉಬ್ಬಿಸಿ, ಮಡಿಕೆಗೆ ಅಡ್ಡಲಾಗಿ ಎಳೆದು ನೇರ ಮಾಡಬೇಕಾಗುತ್ತದೆ. ಮೂರರಿಂದ ಐದು ನಿಮಿಷ ಒಣಗಲು ಬಿಟ್ಟು, ಬ್ಯಾಂಡೇಜ್ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಾರೆ. ಫ್ಲ್ಯಾಪ್ ನಿಲ್ಲದಿದ್ದರೆ 10-0 ನೈಲಾನ್ ಹೊಲಿಗೆ ಅಥವಾ ಫೈಬ್ರಿನ್ ಅಂಟು. ಆಮೇಲೆ ಮಾಕ್ಸಿಫ್ಲಾಕ್ಸಸಿನ್ ಶೇ 0.5ರ ಹನಿ ದಿನಕ್ಕೆ ನಾಲ್ಕು ಬಾರಿ, ಸೋಂಕಿನ ಅನುಮಾನವಿಲ್ಲ ಎಂದಾದ ಮೇಲೆ ವೈದ್ಯರ ಕಣ್ಗಾವಲಿನಲ್ಲಿ ಸ್ಟೀರಾಯ್ಡ್ ಹನಿ, ರಾತ್ರಿ ಕವಚ.

ಫ್ಲ್ಯಾಪ್ ಕಿತ್ತೇ ಹೋಗಿದ್ದರೂ ಎಲ್ಲ ಮುಗಿಯಿತೆಂದಲ್ಲ. ತುಂಡು ಸಿಕ್ಕಿದ್ದರೆ ಎಸೆಯದೆ ತೇವವಾಗಿ, ಶುಚಿಯಾದ ಡಬ್ಬಿಯಲ್ಲಿ ಜೊತೆಗೇ ಕಳಿಸಿ. ಸಿಗದಿದ್ದರೂ ಮೇಲ್ಮೈ ಎಪಿಥೀಲಿಯಂನಿಂದ ಮುಚ್ಚಿಕೊಳ್ಳುತ್ತದೆ. ಮಚ್ಚೆ ಬರದಂತೆ ನೋಡಿಕೊಂಡು, ಬೇಕಾದರೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸಿನಿಂದ ದೃಷ್ಟಿ ಸರಿಮಾಡಬಹುದು.

ಕೂರಿಸಿದ ಮರುದಿನ, ಮೂರನೆಯ ದಿನ, ವಾರ, ತಿಂಗಳು ಹೀಗೆ ನೋಡುವುದು ಯಾಕೆಂದರೆ ಪ್ರತಿಯೊಂದು ತೊಂದರೆಗೂ ಅದರದೇ ವೇಳೆ ಇದೆ. ಮೊದಲ ಒಂದೆರಡು ದಿನದಲ್ಲಿ ಫ್ಲ್ಯಾಪಿನಡಿ ಮರಳು ಹರಡಿದಂಥ ಬಿಳಿ ಪುಡಿ ಕಂಡರೆ ಅದು ಡಿಎಲ್‌ಕೆ, ಸೋಂಕಿಲ್ಲದ ಉರಿಯೂತ. ವರ್ಷಗಳ ನಂತರದ ಸಾಮಾನ್ಯ ತರಚು ಗಾಯಕ್ಕೂ ಅದು ಬರುತ್ತದೆ. ಗಂಟೆಗೊಮ್ಮೆ ಶೇ 1ರ ಪ್ರೆಡ್ನಿಸೊಲೋನ್ ಬೇಕು. ನಡುವೆ ಗುಂಪುಗಟ್ಟಿದರೆ ಫ್ಲ್ಯಾಪ್ ಎತ್ತಿ ತೊಳೆಯಬೇಕು, ಇಲ್ಲವಾದರೆ ಕಾರ್ನಿಯಾ ಕರಗಿ ಗಾಯದ ಮಚ್ಚೆ ಉಳಿಯುತ್ತದೆ. ಎರಡನೆಯ ವಾರ ದಾಟಿದ ಮೇಲೆ ಅದೇ ರೀತಿಯ ಮಬ್ಬು ಕಂಡರೆ ಸ್ಟೀರಾಯ್ಡ್ ಹೆಚ್ಚಿಸುವ ಮೊದಲು ನಿಲ್ಲಿ. ಅದು ಸ್ಟೀರಾಯ್ಡಿನಿಂದಲೇ ಏರಿದ ಕಣ್ಣೊತ್ತಡ ಇರಬಹುದು. ಒತ್ತಡಕ್ಕೆ ನೀರು ಫ್ಲ್ಯಾಪಿನಡಿ ಸೇರಿಕೊಂಡಿರುತ್ತದೆ, ಆ ನೀರಿನ ಮೆತ್ತೆಯ ಮೇಲೆ ಅಳೆದರೆ ಯಂತ್ರ ಕಡಿಮೆ ತೋರಿಸುತ್ತದೆ. ಅಂಚಿನ ಬಳಿ ಅಳೆಯಬೇಕು. ‘ಒತ್ತಡ ಸರಿ ಇದೆ, ಉರಿಯೂತ ಹೆಚ್ಚಿದೆ’ ಎಂದು ಸ್ಟೀರಾಯ್ಡ್ ಏರಿಸುತ್ತ ಹೋದರೆ ದೃಷ್ಟಿನರವೇ ಹಾಳಾಗುತ್ತದೆ. ವಾರಗಳ ಮೇಲೆ ಅಂಚಿನಿಂದ ಒಳಕ್ಕೆ ಮುತ್ತಿನಂಥ ಬೂದು ತೇಪೆ ಹಬ್ಬುತ್ತ ಬಂದರೆ ಅದು ಎಪಿಥೀಲಿಯಂ ಒಳಬೆಳವಣಿಗೆ. ಅಂಚಿನಲ್ಲೇ ನಿಂತಿದ್ದರೆ ಫೋಟೊ ತೆಗೆದು ಕಾಯಬಹುದು. ನಡುವಿನತ್ತ ಹೊರಟರೆ, ಫ್ಲ್ಯಾಪಿನ ಅಂಚು ಕರಗತೊಡಗಿದರೆ, ಎತ್ತಿ ಕೆರೆಯಲೇಬೇಕು.

ಸೋಂಕಿನ ಬಗ್ಗೆ ರೈತ ಕುಟುಂಬಗಳಿಗಾಗಿ ಸ್ವಲ್ಪ ಹೆಚ್ಚು ಹೇಳುತ್ತೇವೆ. ಭತ್ತದ ಹೊಟ್ಟು, ಕಬ್ಬಿನ ಎಲೆ, ಜೋಳದ ಗರಿ ತಾಗಿದ ಗಾಯದಲ್ಲಿ ನಮ್ಮ ಹವೆಯಲ್ಲಿ ಶಿಲೀಂಧ್ರ, ಅದರಲ್ಲೂ ಫ್ಯುಸೇರಿಯಂ, ಆಸ್ಪರ್ಜಿಲಸ್ ಮೊದಲು ನೆನಪಾಗಬೇಕು. ಸಾಮಾನ್ಯ ಕಣ್ಣಿನಲ್ಲಿ ಹುಣ್ಣು ಮೇಲ್ಮೈಯಲ್ಲಿರುವುದರಿಂದ ಕೆರೆದು ಪರೀಕ್ಷಿಸಬಹುದು, ಹನಿ ಔಷಧಿ ತಲುಪುತ್ತದೆ. ಫ್ಲ್ಯಾಪಿನಡಿ ಕೂತ ಸೋಂಕಿಗೆ ಮೇಲಿನ ಹನಿ ಸರಿಯಾಗಿ ತಲುಪುವುದೇ ಇಲ್ಲ. ಫ್ಲ್ಯಾಪ್ ಎತ್ತಿ, ಕೆರೆದು, ಸ್ಲೈಡಿಗೂ ಕಲ್ಚರಿಗೂ ಕಳಿಸಿ, ಔಷಧಿಯಿಂದಲೇ ತೊಳೆಯಬೇಕು. ಎಳೆಯಂಥ ಶಿಲೀಂಧ್ರಕ್ಕೆ ನಾಟಾಮೈಸಿನ್ ಶೇ 5ರ ಹನಿಯೇ ಮೊದಲ ಆಯ್ಕೆ. ದಕ್ಷಿಣ ಭಾರತದಲ್ಲೇ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಖ್ಯವಾಗಿ ಫ್ಯುಸೇರಿಯಂ ಮೇಲೆ, ಅದು ವೊರಿಕೊನಝೋಲ್‌ಗಿಂತ ಉತ್ತಮ ಎಂದು ಕಂಡುಬಂತು. ಕಣ್ಣು ಕೆಂಪಾಗಿದೆ ಎಂದು ಅಂಗಡಿಯಲ್ಲಿ ಕೊಡುವ ಸ್ಟೀರಾಯ್ಡ್ ಮಿಶ್ರಿತ ಹನಿ ಇಲ್ಲಿ ಬೆಂಕಿಗೆ ತುಪ್ಪ. ಎರಡು ದಿನ ಕೆಂಪು ಇಳಿದಂತೆ ಕಂಡು, ಒಳಗೆ ಹುಣ್ಣು ಬೆಳೆದಿರುತ್ತದೆ. ಚೀಟಿಯಿಲ್ಲದೆ ಈ ಹನಿ ಮಾರುವುದನ್ನು ಔಷಧ ನಿಯಂತ್ರಕರು ತಡೆಯಲೇಬೇಕು.

ಎಲ್ಲ ಲೇಸರೂ ಲೇಸಿಕ್ ಅಲ್ಲ. ಪಿಆರ್‌ಕೆಯಲ್ಲಿ ಫ್ಲ್ಯಾಪ್ ಇಲ್ಲ: ಮೇಲಿನ ಎಪಿಥೀಲಿಯಂ ಮಾತ್ರ ತೆಗೆದು ಲೇಸರ್ ಮಾಡುತ್ತಾರೆ, ಮೂರರಿಂದ ಐದು ದಿನ ನೋವಿರುತ್ತದೆ, ದೃಷ್ಟಿ ನಿಧಾನವಾಗಿ ತಿಳಿಯಾಗುತ್ತದೆ, ಆದರೆ ಜಾರುವಂಥದ್ದು ಏನೂ ಉಳಿಯುವುದಿಲ್ಲ. ಸ್ಮೈಲ್ ವಿಧಾನದಲ್ಲೂ ಫ್ಲ್ಯಾಪ್ ಇಲ್ಲ, 2ರಿಂದ 4 ಮಿಲಿಮೀಟರಿನ ಸಣ್ಣ ಸೀಳು ಮಾತ್ರ. ಕುಸ್ತಿ, ಕಬಡ್ಡಿ, ಬಾಕ್ಸಿಂಗ್ ಆಡುವವರಿಗೆ, ಪೊಲೀಸ್ ಅಥವಾ ಸೇನೆಗೆ ಸೇರಬಯಸುವವರಿಗೆ, ತೋಟದ ಕೆಲಸ ಮಾಡುವವರಿಗೆ ಫ್ಲ್ಯಾಪ್ ಇಲ್ಲದ ವಿಧಾನವನ್ನೇ ಮೊದಲು ಹೇಳಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ನಾಲ್ಕು ದಿನದ ನೋವಿಗೆ ಹೆದರಿ ಜೀವಮಾನದ ಎಚ್ಚರವನ್ನು ಹೊರಿಸುವುದು ಸರಿಯಲ್ಲ. ಜಾಹೀರಾತಿನಲ್ಲಿ ‘ನೋವಿಲ್ಲ, ಮರುದಿನವೇ ಕೆಲಸಕ್ಕೆ’ ಎಂದು ದೊಡ್ಡಕ್ಷರದಲ್ಲಿ ಬರೆಯುವವರು ಫ್ಲ್ಯಾಪ್ ಎಂದರೇನು ಎಂದು ಸಣ್ಣಕ್ಷರದಲ್ಲಾದರೂ ಬರೆಯಲಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಜುಲೈನಲ್ಲಿ ಹೊರಡಿಸಿದ ಕರಡು ಮಾರ್ಗಸೂಚಿಯಲ್ಲಿ, ಲೇಸಿಕ್‌ಗೆ ಮುನ್ನ ರೋಗಿ ಓದಿ ತೀರ್ಮಾನಿಸಲು ಒಂದು ತಾಳೆಪಟ್ಟಿ ಇರಬೇಕೆಂದು ಸೂಚಿಸಿತು. ಕನ್ನಡದಲ್ಲಿ ಅಂಥದ್ದೊಂದು ಬೇಡವೇ?

ಇನ್ನು ನಾವು ಇಲಾಖೆಯನ್ನು ಮುಖ್ಯವಾಗಿ ಕೇಳುತ್ತಿರುವುದು ಒಂದು ಕಾರ್ಡು. ಕಣ್ಣಿನ ಪೊರೆ ಆಪರೇಷನ್ ಆದವರಿಗೆ ಒಳಗೆ ಹಾಕಿದ ಲೆನ್ಸಿನ ಚೀಟಿ ಅಂಟಿಸಿದ ಕಾರ್ಡು ಸಿಗುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೂ ಸಿಗುತ್ತದೆ. ಲೇಸರಿನಲ್ಲಿ ಒಳಗೆ ಇಡುವ ವಸ್ತುವೇ ಇಲ್ಲವಾದ್ದರಿಂದ ಕಾರ್ಡು ಕೊಡುವ ರೂಢಿ ಬೆಳೆಯಲಿಲ್ಲ. ಆದರೆ ಕಣ್ಣಿನ ರಚನೆ ಶಾಶ್ವತವಾಗಿ ಬದಲಾಗಿದೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಇಟ್ಟುಕೊಳ್ಳಬೇಕಾದದ್ದು 3 ವರ್ಷ; ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇಪ್ಪತ್ತೈದರಲ್ಲಿ ಲೇಸರ್ ಮಾಡಿಸಿದವರಿಗೆ ಅರವತ್ತರಲ್ಲಿ ಪೊರೆ ಬಂದಾಗ ಆ ದಾಖಲೆ ಎಲ್ಲಿ ಹುಡುಕುವುದು? ಕಾರ್ನಿಯಾದ ವಕ್ರತೆ ಬದಲಾದ ಕಣ್ಣಿನಲ್ಲಿ ಮಾಮೂಲಿ ಸೂತ್ರದಿಂದ ಲೆನ್ಸಿನ ಪವರ್ ಲೆಕ್ಕ ಹಾಕಿದರೆ, ಮೈನಸ್ ನಂಬರ್ ತೆಗೆಸಿದ್ದವರಿಗೆ ಆಪರೇಷನ್ ನಂತರ ಪ್ಲಸ್ ನಂಬರ್ ಉಳಿಯುತ್ತದೆ. ತೆಳುವಾದ ಕಾರ್ನಿಯಾದಲ್ಲಿ ಕಣ್ಣೊತ್ತಡ ಕಡಿಮೆ ಅಳತೆ ತೋರಿ ಗ್ಲಾಕೋಮಾ ತಪ್ಪಿಹೋಗಬಹುದು. ನೇತ್ರದಾನದ ಹೊತ್ತಿಗೂ ಇದು ಬೇಕು: ಲೇಸಿಕ್ ಆದ ಕಾರ್ನಿಯಾವನ್ನು ಮುಂಭಾಗದ ಕಸಿಗೆ ಬಳಸಲಾಗದು, ಹಿಂದಿನ ಪದರದ ಕಸಿಗೆ ಬಳಸಬಹುದು.

ಆ ಕಾರ್ಡಿನಲ್ಲಿ ಇರಬೇಕಾದದ್ದು ಒಂದು ಅಂಗೈಯಲ್ಲಿ ಹಿಡಿಸುತ್ತದೆ. ಯಾವ ಕಣ್ಣು, ಯಾವ ದಿನ, ಲೇಸಿಕ್ಕೋ ಪಿಆರ್‌ಕೆಯೋ ಸ್ಮೈಲೋ, ಫ್ಲ್ಯಾಪ್ ಮಾಡಿದ್ದು ಅಲಗಿನಿಂದಲೋ ಲೇಸರಿನಿಂದಲೋ, ಅದರ ದಪ್ಪ, ವ್ಯಾಸ, ಕೀಲಿನ ದಿಕ್ಕು, ಆಪರೇಷನ್ನಿಗೆ ಮುಂಚಿನ ನಂಬರ್, ವಕ್ರತೆಯ ಎರಡು ಅಳತೆ, ಕಾರ್ನಿಯಾದ ದಪ್ಪ, ಸವೆಸಿದ್ದೆಷ್ಟು, ಉಳಿದದ್ದೆಷ್ಟು. ಕೊನೆಯ ಲೆಕ್ಕ ಕಷ್ಟದ್ದಲ್ಲ. ಸವೆಸುವ ವಲಯದ ವ್ಯಾಸವನ್ನು ಅದರಿಂದಲೇ ಗುಣಿಸಿ, ನಂಬರಿನಿಂದ ಗುಣಿಸಿ, 3ರಿಂದ ಭಾಗಿಸಿದರೆ ಸುಮಾರು ಎಷ್ಟು ಮೈಕ್ರಾನ್ ಹೋಗುತ್ತದೆಂದು ತಿಳಿಯುತ್ತದೆ. ಮೈನಸ್ 5ಕ್ಕೆ 6.5 ಮಿಲಿಮೀಟರ್ ವಲಯದಲ್ಲಿ ಸುಮಾರು 70. 520ರ ಕಾರ್ನಿಯಾದಲ್ಲಿ 110ರ ಫ್ಲ್ಯಾಪ್, 70ರ ಸವೆತ ಕಳೆದರೆ ತಳದಲ್ಲಿ 340 ಉಳಿಯಿತು. ಅದೇ ಕಣ್ಣಿಗೆ ಮೈನಸ್ 8 ತೆಗೆದರೆ 300ಕ್ಕೂ ಕಡಿಮೆ. 250 ಕೆಳಗಿಳಿಯಬಾರದು ಎನ್ನುವುದು ಹಳೆಯ ಮಿತಿ, 300 ಇರಲಿ ಎನ್ನುವವರೇ ಈಗ ಹೆಚ್ಚು. ತಳ ತೆಳುವಾದಷ್ಟೂ ಕಾರ್ನಿಯಾ ಮುಂದಕ್ಕೆ ಉಬ್ಬುವ ಎಕ್ಟೇಸಿಯಾದ ಭಯ, ಕಣ್ಣು ಉಜ್ಜುವವರಲ್ಲಿ ಇನ್ನೂ ಹೆಚ್ಚು. ಕಾರ್ಡಿನ ಹಿಂಬದಿ ಕನ್ನಡದಲ್ಲಿ ಮೂರು ಸಾಲು: ಪೆಟ್ಟು ಬಿದ್ದರೆ ಉಜ್ಜಬೇಡಿ, ಪಟ್ಟಿ ಕಟ್ಟಬೇಡಿ, ಈ ಕಾರ್ಡು ಹಿಡಿದು ಅದೇ ದಿನ ಕಣ್ಣಿನ ಆಸ್ಪತ್ರೆಗೆ ಬನ್ನಿ.

ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಖಾಸಗಿ ಕೇಂದ್ರಗಳ ನೋಂದಣಿ ಇಲಾಖೆಯ ಕೈಯಲ್ಲೇ ಇದೆ. ಲೇಸರ್ ಕೇಂದ್ರಗಳ ನೋಂದಣಿಗೆ ಈ ಕಾರ್ಡನ್ನು ಷರತ್ತು ಮಾಡಿ. ಇದುವರೆಗೆ ಲೇಸರ್ ಮಾಡಿಸಿದವರೆಲ್ಲರೂ ತಮ್ಮ ಕೇಂದ್ರಕ್ಕೆ ಹೋಗಿ ದಾಖಲೆಯ ಪ್ರತಿ ಕೇಳಿ ಪಡೆಯುವಂತೆ ಪ್ರಕಟಣೆ ಕೊಡಿ. ಮೊಬೈಲಿನಲ್ಲಿ ಫೋಟೊ ಇಟ್ಟುಕೊಂಡರೂ ಸಾಕು. ತಾಲ್ಲೂಕು ಆಸ್ಪತ್ರೆಗಳ ಕಣ್ಣಿನ ಗಾಯದ ಹಾಳೆಯಲ್ಲಿ ‘ಲೇಸರ್ ಆಗಿದೆ / ಇಲ್ಲ’ ಎಂಬ ಒಂದು ಸಾಲು ಅಚ್ಚು ಹಾಕಿಸಿ. 108 ಆಂಬುಲೆನ್ಸಿನ ಪೆಟ್ಟಿಗೆಯಲ್ಲಿ ಗಟ್ಟಿ ಕಣ್ಣಿನ ಕವಚ ಎರಡು ಇಡಿಸಿ. ಜಿಲ್ಲೆಗೆ ಒಂದಾದರೂ ಕಡೆ ರಾತ್ರಿಯಲ್ಲೂ ಫ್ಲ್ಯಾಪ್ ಕೂರಿಸಬಲ್ಲವರು ಯಾರು ಎಂಬ ಪಟ್ಟಿ ಕ್ಯಾಶುವಾಲ್ಟಿಯ ಗೋಡೆಯ ಮೇಲಿರಲಿ.

ದೀಪಾವಳಿ ಬಂತೆಂದರೆ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಪಟಾಕಿ ಗಾಯಾಳುಗಳಿಗೆಂದು ಹಾಸಿಗೆ ಕಾದಿರಿಸುತ್ತಾರೆ. ಬೇರೆ ಊರುಗಳ ಆಸ್ಪತ್ರೆಗಳೂ ಅಣಿಯಾಗುತ್ತವೆ. ಆ ಸಿದ್ಧತೆಯ ಸುತ್ತೋಲೆ ಹೊರಡುವಾಗ ಈ ಒಂದು ಪ್ರಶ್ನೆಯೂ ಅದರಲ್ಲಿ ಸೇರಲಿ.

ಇಂತಿ ನಮಸ್ಕಾರಗಳೊಂದಿಗೆ,
ಕಾರ್ನಿಯಾ ಚಿಕಿತ್ಸೆ ಮತ್ತು ದೃಷ್ಟಿ ಪರೀಕ್ಷೆಯ ಕೆಲಸದಲ್ಲಿರುವವರು